‘ಇಂದೊ’ ಎಂದರೆ ಸಾಲದು: ಆರಂಭಿಕ ಜಪಾನಿ ತರಗತಿಯೊಂದರ ವಿಮರ್ಶೆ

ಕಳೆದ ವರ್ಷದ ಮಳೆಗಾಲದಲ್ಲಿ ನಾನು ಬೆಂಗಳೂರಿನ ಸಂಸ್ಥೆಯೊಂದು ಆನ್‌ಲೈನಿನಲ್ಲಿ ನಡೆಸುವ ಜಪಾನಿ ಭಾಷೆಯ ಆರಂಭಿಕ ತರಗತಿಗೆ ಸೇರಿ, ನಾಲ್ಕು ತಿಂಗಳ ಪಾಠವನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದ್ದೇನೆ. ಶುಲ್ಕ 14,000 ರೂಪಾಯಿ. ವಾರಕ್ಕೆ ಮೂರು ಸಂಜೆ, ಏಳೂವರೆಯಿಂದ ಒಂಬತ್ತರವರೆಗೆ ಪಾಠ. ಜತೆಗೆ ಸಂಸ್ಥೆಯೇ ಸಿದ್ಧಪಡಿಸಿದ ಪಠ್ಯದ ಪಿಡಿಎಫ್ ಮತ್ತು ಅಭ್ಯಾಸಕ್ಕೆಂದು ಒಂದು ಮೊಬೈಲ್ ಆ್ಯಪ್. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಎತ್ತಿರುವ ತಕರಾರುಗಳು ಅದೊಂದಕ್ಕೇ ಸೇರಿದವಲ್ಲ. ಇಂಗ್ಲಿಷಿನ ಮೂಲಕ ಜಪಾನಿ ಕಲಿಸುವ ಯಾವ ತರಗತಿಗೆ ಹೋದರೂ ಕನ್ನಡಿಗರಿಗೆ ಇವು ಎದುರಾಗುವ ಸಂಭವವಿದೆ.

ನಾನು ಸೇರಿದ್ದು ಪರೀಕ್ಷೆಗಾಗಿ ಅಲ್ಲ. 1999ರ ಕೊನೆಯಲ್ಲಿ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಕಾರು ತಯಾರಿಕೆಯನ್ನು ಆರಂಭಿಸಿದ ಮೇಲೆ ಅದರ ಸುತ್ತಮುತ್ತ ಬಿಡಿಭಾಗ ಪೂರೈಸುವ ಕಾರ್ಖಾನೆಗಳು ಬಂದವು. ಅಂಥದೊಂದರ ಗುಣಮಟ್ಟ ತಪಾಸಣೆಯ ವಿಭಾಗದಲ್ಲಿ ನನಗೆ ಕೆಲಸ. ವರ್ಷಕ್ಕೆ ಮೂರು ನಾಲ್ಕು ಬಾರಿ ಜಪಾನಿನಿಂದ ಎಂಜಿನಿಯರುಗಳು ಬರುತ್ತಾರೆ. ದುಭಾಷಿ ಇರುವುದು ಒಬ್ಬರೇ, ಊಟದ ಹೊತ್ತಿಗೆ ಅವರು ವ್ಯವಸ್ಥಾಪಕರ ಮೇಜಿಗೆ ಹೋಗಿಬಿಡುತ್ತಾರೆ, ಉಳಿದ ನಮಗೂ ಅತಿಥಿಗಳಿಗೂ ನಡುವೆ ಅನ್ನ, ಸಾರು ಮತ್ತು ನಗು ಮಾತ್ರ ಉಳಿಯುತ್ತವೆ. ಆ ಮೇಜಿನಲ್ಲಿ ಪರಿಚಯದ ನಾಲ್ಕು ಮಾತು ಆಡುವಷ್ಟು ಭಾಷೆ ಬರಬೇಕೆಂಬುದೇ ನನ್ನ ಅಪೇಕ್ಷೆಯಾಗಿತ್ತು. ಆದ್ದರಿಂದ ಇಡೀ ಪಾಠಕ್ರಮವನ್ನು ನಾನು ಅಳೆಯುವುದು ಅದರ ಎರಡನೆಯ ವಾರದ ಒಂದೇ ಪಾಠದಿಂದ: ನೀವು ಯಾವ ದೇಶದವರು, ಯಾವ ಊರಿನವರು, ಯಾವ ಭಾಷೆಯವರು ಎಂದು ಕೇಳುವ ಮತ್ತು ಹೇಳುವ ಪಾಠ.

ಉಳಿದ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಿರಗಾನ ಮತ್ತು ಕತಕಾನ ಲಿಪಿಗಳನ್ನು ಕಲಿಸಿದ ರೀತಿ ಬಹಳ ಚೆನ್ನಾಗಿತ್ತು. ಮೂರು ವಾರಗಳಲ್ಲಿ ತಡವರಿಸದೆ ಓದುವಂತಾಯಿತು. ತರಗತಿಯಲ್ಲಿ ಹದಿನಾಲ್ಕು ಮಂದಿ ಮಾತ್ರ ಇದ್ದುದರಿಂದ ಪ್ರತಿ ಸಂಜೆಯೂ ಪ್ರತಿಯೊಬ್ಬರಿಗೂ ಬಾಯಿಬಿಡುವ ಅವಕಾಶವಿತ್ತು. ಶಿಕ್ಷಕಿ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಉಚ್ಚಾರಣೆಯನ್ನು ತಾಳ್ಮೆಯಿಂದ ತಿದ್ದುತ್ತಿದ್ದರು. ಧ್ವನಿಮುದ್ರಿಕೆಗಳು ಸ್ಪಷ್ಟವಾಗಿದ್ದವು. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ (ಜೆಎಲ್‌ಪಿಟಿ) ಐದು ಹಂತಗಳಲ್ಲಿ ಅತ್ಯಂತ ಕೆಳಗಿನ ಎನ್ 5ಕ್ಕೆ ಕೂರುವವರಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ, ಏಕೆಂದರೆ ಆ ಪರೀಕ್ಷೆಯಲ್ಲಿ ಓದುವುದು, ಕೇಳುವುದು ಉಂಟೇ ಹೊರತು ಮಾತನಾಡುವ ಭಾಗವೇ ಇಲ್ಲ.

ಈಗ ಆ ಪಾಠ. ನಿಯಮವನ್ನು ಒಂದು ಸಾಲಿನಲ್ಲಿ ಹೇಳಬಹುದು: ದೇಶದ ಹೆಸರಿಗೆ ‘ಜಿನ್’ ಸೇರಿಸಿದರೆ ಆ ದೇಶದವರು, ‘ಗೊ’ ಸೇರಿಸಿದರೆ ಆ ದೇಶದ ಭಾಷೆ. ನಿಹೊನ್ ಎಂದರೆ ಜಪಾನ್, ನಿಹೊಂಜಿನ್ ಎಂದರೆ ಜಪಾನಿನವರು, ನಿಹೊಂಗೊ ಎಂದರೆ ಅವರ ಭಾಷೆ; ಚೂಗೊಕು ಚೀನಾ, ಚೂಗೊಕುಜಿನ್ ಚೀನಾದವರು, ಚೂಗೊಕುಗೊ ಚೀನೀ ಭಾಷೆ. ಇದನ್ನು ವಿವರಿಸಲು ಪಠ್ಯ ನಾಲ್ಕು ಪುಟಗಳನ್ನು ತೆಗೆದುಕೊಂಡಿದೆ, ಮತ್ತು ಆ ನಾಲ್ಕೂ ಪುಟಗಳಲ್ಲಿ ಓದುಗನಿಗೆ ಸಮಾಧಾನ ಹೇಳುವ ದನಿಯಿದೆ: ಇಂಗ್ಲಿಷಿನಲ್ಲಿ ಸ್ಪೇನ್ ದೇಶಕ್ಕೊಂದು ರೂಪ, ಅಲ್ಲಿನ ಮನುಷ್ಯನಿಗೊಂದು, ಭಾಷೆಗೊಂದು, ಹಾಲೆಂಡಿಗೂ ಡಚ್ಚಿಗೂ ಸಂಬಂಧವೇ ಕಾಣದು, ಜಪಾನಿಯಲ್ಲಾದರೋ ಎಲ್ಲವೂ ಎಷ್ಟು ಕ್ರಮಬದ್ಧ ನೋಡಿ, ಎಂದು. ಆದರೆ ಕನ್ನಡಿಗನಿಗೆ ಈ ಸಮಾಧಾನದ ಅಗತ್ಯವೇ ಇಲ್ಲ. ಜಪಾನಿನವರು, ಚೀನಾದವರು, ಸ್ಪೇನಿನವರು, ಹಾಲೆಂಡಿನವರು ಎಂದು ನಾವು ಹುಟ್ಟಿದಾಗಿನಿಂದ ಒಂದೇ ಅಚ್ಚಿನಲ್ಲಿ ಹೇಳುತ್ತ ಬಂದವರು. ಇನ್ನೂ ಹೇಳುವುದಾದರೆ ನಮ್ಮಲ್ಲಿ ಕನ್ನಡಿಗ, ಕನ್ನಡತಿ ಎಂಬ ಭೇದವಾದರೂ ಇದೆ. ಜಿನ್ ಪ್ರತ್ಯಯಕ್ಕೆ ಗಂಡು ಹೆಣ್ಣಿನ ಭೇದವಿಲ್ಲ, ಒಬ್ಬರು ಹಲವರೆಂಬ ಭೇದವೂ ಇಲ್ಲ.

ವಾಕ್ಯದ ಕಟ್ಟೂ ಹಾಗೆಯೇ. ‘ಇಂದೊ ಕರ ಕಿಮಶಿತ’ ಎಂಬುದನ್ನು ಪಠ್ಯ ಬಾಣದ ಗುರುತುಗಳನ್ನು ಹಾಕಿ, ಇಂಗ್ಲಿಷ್ ವಾಕ್ಯವನ್ನು ತಲೆಕೆಳಗು ಮಾಡಿ ತೋರಿಸುತ್ತದೆ. ಕನ್ನಡದಲ್ಲಿ ‘ಇಂದೊ’ ಭಾರತ, ‘ಕರ’ ನಮ್ಮ ‘ಇಂದ’, ‘ಕಿಮಶಿತ’ ಬಂದೆ. ಭಾರತ-ದಿಂದ ಬಂದೆ, ಅಷ್ಟೇ. ‘ವತಶಿ ಮೊ’ ಎಂದರೆ ‘ನಾನೂ’, ಅಂದರೆ ನಾವು ಪದದ ತುದಿಗೆ ಎಳೆಯುವ ‘ಊ’ಕಾರವೇ ಅವರ ‘ಮೊ’. ವಾಕ್ಯದ ಕೊನೆಗೆ ‘ಕ’ ಬಂದರೆ ಪ್ರಶ್ನೆ, ನಮ್ಮ ‘ಬಂದಿರಾ’ ಎಂಬಲ್ಲಿನ ‘ಆ’ ಇದ್ದಂತೆ. ಹದಿನಾಲ್ಕು ಮಂದಿಯಲ್ಲಿ ಹನ್ನೊಂದು ಮಂದಿ ಮನೆಯಲ್ಲಿ ಕನ್ನಡವನ್ನೋ ತೆಲುಗು, ತಮಿಳುಗಳನ್ನೋ ಆಡುವವರಾಗಿದ್ದರೂ ನಾವೆಲ್ಲ ಮೊದಲು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ತಲೆಕೆಳಗಾಗಿ ಜಪಾನಿಗೆ ಇಳಿಯುವ ಕಸರತ್ತನ್ನು ಮೂರು ಸಂಜೆ ಮಾಡಿದೆವು. ಈ ಮೂರು ಸಂಜೆಗಳ ವ್ಯರ್ಥವೇ ನನ್ನ ಮೊದಲನೆಯ ತಕರಾರು. ಮುಂದಿನವು ಹೆಚ್ಚು ಗಂಭೀರ.

ಅಪವಾದಗಳನ್ನು ಪಠ್ಯ ಒಂದು ಪಟ್ಟಿಯಾಗಿ ಕೊಟ್ಟು ಬಾಯಿಪಾಠ ಮಾಡಿರೆಂದು ಬಿಟ್ಟಿದೆ. ಇಂಗ್ಲಿಷ್ ಭಾಷೆ ‘ಏಗೊ’. ಬ್ರಿಟನ್ನಿನ ಹೆಸರು ‘ಇಗಿರಿಸು’ ಆದರೂ ‘ಇಗಿರಿಸುಗೊ’ ಎನ್ನುವುದಿಲ್ಲ, ‘ಅಮೆರಿಕಗೊ’ ಅಂತೂ ಇಲ್ಲವೇ ಇಲ್ಲ. ಅರಬರು ‘ಅರಬುಜಿನ್’, ಅವರ ಭಾಷೆ ‘ಅರಬಿಯಗೊ’. ಜರ್ಮನಿ ‘ದೊಯ್ತ್ಸು’, ಹಾಲೆಂಡ್ ‘ಒರಂದ’. ಬಾಯಿಪಾಠ ಮಾಡಿದ್ದು ಉಳಿಯುವುದಿಲ್ಲ, ಕಾರಣ ತಿಳಿದದ್ದು ಉಳಿಯುತ್ತದೆ. ಇಲ್ಲಿ ಕಾರಣ ರಸವತ್ತಾಗಿಯೇ ಇದೆ. 1543ರಲ್ಲಿ ತನೆಗಶಿಮ ದ್ವೀಪಕ್ಕೆ ಬಂದಿಳಿದ ಪೋರ್ಚುಗೀಸರು ಜಪಾನಿಗೆ ಯುರೋಪಿನ ಮೊದಲ ಪರಿಚಯವಾದ್ದರಿಂದ ಇಗಿರಿಸು, ಒರಂದ ಎಂಬ ಹೆಸರುಗಳು ಅವರ ಬಾಯಿಂದ ಬಂದವು. 1641ರಿಂದ ನಾಗಾಸಾಕಿಯ ಬಳಿಯ ದೆಜಿಮ ಎಂಬ ಪುಟ್ಟ ದ್ವೀಪದಲ್ಲಿ ಡಚ್ಚರನ್ನು ಮಾತ್ರ ಉಳಿಸಿಕೊಂಡ ಕಾಲದ ನೆನಪು ‘ದೊಯ್ತ್ಸು’ ಎಂಬ ಹೆಸರಿನಲ್ಲಿದೆ. ಯಾರು ಮೊದಲು ಬಂದರೋ ಅವರ ಬಾಯಿನ ರೂಪವೇ ನಿಂತಿತು. ನಾವು ಪಪ್ಪಾಯಿಯನ್ನು ಇಂದಿಗೂ ಪರಂಗಿ ಹಣ್ಣೆಂದು ಕರೆಯುವುದಿಲ್ಲವೇ? ಇದನ್ನು ಐದು ನಿಮಿಷ ಹೇಳಿದ್ದರೆ ಆ ಪಟ್ಟಿಯನ್ನು ಯಾರೂ ಮರೆಯುತ್ತಿರಲಿಲ್ಲ.

ಲಿಪ್ಯಂತರದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪಠ್ಯದ ಮೊದಲ ಆರು ಪಾಠಗಳಲ್ಲಿ ಜಪಾನಿ ಪದಗಳನ್ನು ರೋಮನ್ ಅಕ್ಷರಗಳಲ್ಲಿ, ಅದೂ ದೀರ್ಘಸ್ವರದ ಗೆರೆಗಳಿಲ್ಲದೆ ಅಚ್ಚುಮಾಡಿದ್ದಾರೆ. ಹಾಗಾಗಿ ಚೂಗೊಕು ಎಂಬುದನ್ನು ತರಗತಿಯ ಅರ್ಧ ಮಂದಿ ‘ಚುಗೋಕು’ ಎಂದೇ ಓದುತ್ತಿದ್ದರು. ಕನ್ನಡ ಲಿಪಿಗೆ ಈ ತೊಂದರೆಯೇ ಇಲ್ಲ: ಎ ಮತ್ತು ಏ, ಒ ಮತ್ತು ಓ ನಮ್ಮಲ್ಲಿ ಬೇರೆ ಬೇರೆ ಅಕ್ಷರಗಳು, ಒತ್ತಕ್ಷರ ಉಂಟು, ಅನುಸ್ವಾರ ಉಂಟು. ತೋಕ್ಯೋ ಎಂಬಲ್ಲಿ ಎರಡೂ ಓಕಾರಗಳು ದೀರ್ಘ, ನಿಹೊಂಗೊ ಎಂಬಲ್ಲಿ ಎರಡೂ ಹ್ರಸ್ವ. ಬರೆದ ಕೂಡಲೇ ಕಣ್ಣಿಗೆ ಕಾಣುತ್ತದೆ. ನಾನು ಎರಡನೆಯ ವಾರದಿಂದಲೇ ರೋಮನ್ ಅಕ್ಷರಗಳನ್ನು ಬಿಟ್ಟು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳತೊಡಗಿದೆ, ಉಚ್ಚಾರಣೆ ತಿದ್ದಿಸಿಕೊಳ್ಳುವ ಸರದಿ ಅಲ್ಲಿಗೆ ಮುಕ್ಕಾಲು ಪಾಲು ತಗ್ಗಿತು.

ನಿಜವಾದ ಕೊರತೆ ತಿಳಿದದ್ದು ಊಟದ ಮೇಜಿನಲ್ಲಿ. ಪಾಠ ಮುಗಿದ ಎರಡು ವಾರಗಳ ನಂತರ ಒಸಾಕಾ ಕಡೆಯ ಹಿರಿಯ ಎಂಜಿನಿಯರೊಬ್ಬರು ಬಂದಿದ್ದರು. ನಾನು ತಟ್ಟೆ ಇಟ್ಟುಕೊಂಡು ಎದುರು ಕೂತು, ಹೆಸರು ಹೇಳಿ, ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಸಂತೋಷದಿಂದ ತಲೆಯಾಡಿಸಿ, ‘ಗೊಶುಶ್ಶಿನ್ ವ ದೊಚಿರ ದೆಸು ಕ’ ಎಂದು ಕೇಳಿದರು. ಪಠ್ಯದಲ್ಲಿ ಶುಶ್ಶಿನ್ ಎಂಬ ಪದ ಒಂದೇ ಒಂದು ಕಡೆ, ‘ಇಂದೊ ಶುಶ್ಶಿನ್ ದೆಸು’ ಎಂಬ ಉದಾಹರಣೆಯೊಂದಿಗೆ, ಮೂಲದೇಶ ಎಂಬರ್ಥದಲ್ಲಿ ಬಂದಿತ್ತು. ನಾನು ಗಟ್ಟಿಯಾಗಿ ‘ಇಂದೊ ದೆಸು’ ಎಂದೆ. ಬಿಡದಿಯಲ್ಲಿ ಕೂತು, ಭಾರತದ ಕಾರ್ಖಾನೆಯ ಸಮವಸ್ತ್ರ ತೊಟ್ಟು, ಮುದ್ದೆ ಮುರಿಯುತ್ತ, ನಾನು ಭಾರತದವನು ಎಂದು ಅವರಿಗೆ ತಿಳಿಸಿದ್ದೆ. ಅವರು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಬಹಳ ಗಂಭೀರವಾಗಿ ‘ಹೌದು ಹೌದು’ ಎಂದು ಸಾರಿನ ಕಡೆಗೆ ತಿರುಗಿದರು.

ಅವರು ಕೇಳಿದ್ದು ‘ತಮ್ಮದು ಯಾವ ಊರು’ ಎಂದು. ನಮ್ಮಲ್ಲಿ ಯಾರನ್ನು ಕಂಡರೂ ಎರಡನೆಯ ಮಾತಾಗಿ ಬರುವ ಪ್ರಶ್ನೆಯೇ ಅದು. ಶುಶ್ಶಿನ್ ಎಂಬ ಪದ ದೇಶಕ್ಕೂ ಸಲ್ಲುತ್ತದೆ, ಪ್ರಾಂತಕ್ಕೂ ಊರಿಗೂ ಸಲ್ಲುತ್ತದೆ, ಓದಿದ ವಿಶ್ವವಿದ್ಯಾಲಯಕ್ಕೂ ಸಲ್ಲುತ್ತದೆ; ಎಷ್ಟು ದೂರದಲ್ಲಿ ನಿಂತು ಕೇಳುತ್ತಿದ್ದಾರೆ ಎಂಬುದರ ಮೇಲೆ ಉತ್ತರದ ಅಳತೆ ನಿಲ್ಲುತ್ತದೆ. ತೋಕ್ಯೋದಲ್ಲಿ ಕೇಳಿದರೆ ‘ಇಂದೊ’ ಸರಿಯಾದ ಉತ್ತರ. ಬಿಡದಿಯಲ್ಲಿ ಕೇಳಿದರೆ ಚಿಕ್ಕಮಗಳೂರು ಎನ್ನಬೇಕು. ಈ ಒಂದು ಮಾತನ್ನು, ಅಂದರೆ ಕನ್ನಡದ ‘ಊರು’ ಎಂಬ ಪದ ಹೇಗೆ ಹಿಗ್ಗಿ ಕುಗ್ಗುತ್ತದೆಯೋ ಹಾಗೆ ಶುಶ್ಶಿನ್ ಕೂಡ ಎಂಬುದನ್ನು, ಪಾಠದಲ್ಲಿ ಹೇಳಿದ್ದರೆ ಸಾಕಿತ್ತು. ‘ದೊಕೊ ಕರ ಕಿಮಶಿತ ಕ’ ಎಂಬ ಇನ್ನೊಂದು ಪ್ರಶ್ನೆಯನ್ನು ಪಠ್ಯ ಇದಕ್ಕೆ ಸಮಾನವೆಂದು ಪಕ್ಕದಲ್ಲಿಯೇ ಇಟ್ಟಿದೆ. ಆದರೆ ಅದು ನಮ್ಮ ‘ಎಲ್ಲಿಂದ ಬಂದ್ರಿ’ ಇದ್ದಂತೆ, ಮೂಲವನ್ನು ಕೇಳುತ್ತಿರಬಹುದು, ಈಗತಾನೆ ಯಾವ ಕಡೆಯಿಂದ ಬಂದಿರೆಂದೂ ಕೇಳುತ್ತಿರಬಹುದು. ಇನ್ನು ‘ಗೊಶುಶ್ಶಿನ್’ ಎಂಬುದರ ಮೊದಲಲ್ಲಿರುವ ‘ಗೊ’ ಎಂಬ ಅಕ್ಷರ ಗೌರವದ್ದು, ಎದುರಿನವರ ಊರಿಗೆ ಮಾತ್ರ ಹಚ್ಚುವಂಥದು; ನಮ್ಮ ಊರಿಗೆ ನಾವೇ ಹಚ್ಚಿಕೊಂಡರೆ ಹೆಸರಿನ ಹಿಂದೆ ತಾನೇ ಶ್ರೀ ಎಂದು ಬರೆದುಕೊಂಡಂತಾಗುತ್ತದೆ. ಭಾಷೆಯ ಹೆಸರಿನ ಕೊನೆಯ ‘ಗೊ’ ಬೇರೆ, ಈ ಮೊದಲಿನ ‘ಗೊ’ ಬೇರೆ ಎಂಬುದನ್ನು ಕೂಡ ನಾನು ಆಮೇಲೆ ಬೇರೆಡೆ ಓದಿ ತಿಳಿದುಕೊಂಡೆ.

ಇದಕ್ಕಿಂತ ದೊಡ್ಡ ದೋಷ ಪ್ರಶ್ನೆಯ ಆಯ್ಕೆಯಲ್ಲಿದೆ. ತರಗತಿಯಲ್ಲಿ ನಾವು ಸರದಿಯಂತೆ ಒಬ್ಬರನ್ನೊಬ್ಬರು ‘ನನಿಜಿನ್ ದೆಸು ಕ’ ಎಂದು ಕೇಳುವ ಅಭ್ಯಾಸ ಮಾಡಿದೆವು, ಒಂದು ಸಂಜೆಯಲ್ಲಿ ಕಡಿಮೆಯೆಂದರೂ ಐವತ್ತು ಸಲ. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ: ನನಿ ಎಂದರೆ ಏನು ಅಥವಾ ಯಾವ, ಜಿನ್ ಎಂದರೆ ಜನ. ಆದರೆ ಎದುರಿಗೆ ನಿಂತ ಮನುಷ್ಯನನ್ನು ಹಾಗೆ ಕೇಳಿದರೆ ‘ನೀನ್ಯಾವ ಜನ’ ಎಂದು ಕೇಳಿದಷ್ಟೇ ಒರಟಾಗಿ ಕೇಳಿಸುತ್ತದೆ. ರೂಢಿಯಲ್ಲಿರುವ ಸಭ್ಯ ಪ್ರಶ್ನೆ ‘ಒಕುನಿ ವ ದೊಚಿರ ದೆಸು ಕ’, ತಮ್ಮ ದೇಶ ಯಾವ ಕಡೆಯದು ಎಂಬಂಥ ಮಾತು. ‘ಎಲ್ಲಿ’ ಎನ್ನುವ ಬದಲು ‘ಯಾವ ಕಡೆ’ ಎನ್ನುವ ಆ ನಯ ನಮಗೆ ಹೊಸದೇನಲ್ಲ; ಹಿರಿಯರನ್ನು ‘ಯಾವ ಕಡೆಯವರು ತಾವು’ ಎಂದು ಕೇಳುವುದು ನಮ್ಮಲ್ಲೂ ಇದೆ. ಪಠ್ಯದಲ್ಲಿ ಈ ಸಭ್ಯ ರೂಪ ಅಧ್ಯಾಯದ ಕೊನೆಯ ಚೌಕದಲ್ಲಿ ಸಣ್ಣ ಅಕ್ಷರಗಳಲ್ಲಿದೆ, ಅಭ್ಯಾಸದ ವಾಕ್ಯಗಳಲ್ಲಿ ಎಲ್ಲಿಯೂ ಇಲ್ಲ. ನಾಲಿಗೆಗೆ ಯಾವುದು ಐವತ್ತು ಸಲ ಬಂದಿದೆಯೋ ಅದೇ ಗಡಿಬಿಡಿಯಲ್ಲಿ ಹೊರಬೀಳುತ್ತದೆ ಎಂಬುದನ್ನು ಭಾಷೆ ಕಲಿಸುವವರಿಗೆ ನಾನು ಹೇಳಬೇಕಾಗಿಲ್ಲ. ಅಂದಹಾಗೆ, ನನಿಜಿನ್ ಎಂದು ಬರೆಯುವ ಎರಡು ಚಿತ್ರಾಕ್ಷರಗಳನ್ನೇ ‘ನನ್ನಿನ್’ ಎಂದು ಓದಿದರೆ ‘ಎಷ್ಟು ಜನ’ ಎಂಬ ಅರ್ಥ ಬರುತ್ತದೆ. ಈ ಸ್ವಾರಸ್ಯವನ್ನು ಶಿಕ್ಷಕಿ ಚೆನ್ನಾಗಿ ವಿವರಿಸಿದರು, ಅದಕ್ಕೆ ಪೂರ್ಣ ಅಂಕ.

ಹಾಗೆಯೇ ‘ಗೈಜಿನ್’ ಎಂಬ ಪದವನ್ನು ವಿದೇಶಿ ಎಂಬರ್ಥ ಕೊಟ್ಟು ಯಾವ ಎಚ್ಚರಿಕೆಯೂ ಇಲ್ಲದೆ ಪಟ್ಟಿಗೆ ಸೇರಿಸಿದ್ದಾರೆ. ಹೊರಗಿನವನು ಎಂಬ ತಾತ್ಸಾರ ಅದರಲ್ಲಿ ಧ್ವನಿಸಬಹುದಾದ್ದರಿಂದ ‘ಗೈಕೊಕುಜಿನ್’ ಎಂಬ ಪೂರ್ತಿ ರೂಪವನ್ನೇ ಬಳಸುವುದು ಕ್ಷೇಮ. ಇಂಗ್ಲಿಷಿನ ಅಭ್ಯಾಸದಿಂದ ‘ಇಂಡಿಯನ್ ದೆಸು’ ಎಂದವರನ್ನು ಶಿಕ್ಷಕಿ ಸುಮ್ಮನೆ ತಿದ್ದಿದರು, ಕಾರಣ ಹೇಳಲಿಲ್ಲ. ಜಪಾನಿಯಲ್ಲಿ ‘ಇಂದಿಅನ್’ ಎಂದರೆ ಅಮೆರಿಕದ ಮೂಲನಿವಾಸಿಗಳು ಎಂದು ತಿಳಿದಿದ್ದರೆ ನಾವು ಮತ್ತೆ ಆ ತಪ್ಪು ಮಾಡುತ್ತಿರಲಿಲ್ಲ.

ಈಗ ನಮ್ಮ ಭಾಷೆಯ ವಿಷಯ. ಪಾಠದ ಸಂಭಾಷಣೆಯಲ್ಲಿ ಭಾರತದ ವಿದ್ಯಾರ್ಥಿಯೊಬ್ಬನನ್ನು ‘ನನಿಗೊ’, ಅಂದರೆ ಯಾವ ಭಾಷೆ, ಆಡುತ್ತೀರಿ ಎಂದು ಕೇಳಿದಾಗ ಅವನು ‘ಹಿಂದೀಗೊ ಮತ್ತು ಏಗೊ’ ಎನ್ನುತ್ತಾನೆ. ‘ಇಂದೊಗೊ’ ಎಂಬ ಭಾಷೆ ಇಲ್ಲ ಎಂಬುದನ್ನು ತಿಳಿಸಿದ್ದು ಒಳ್ಳೆಯದೇ, ಏಕೆಂದರೆ ಜಪಾನಿನಲ್ಲಿ ಹಾಗೊಂದು ಇದೆಯೆಂದು ಭಾವಿಸುವವರು ಉಂಟು. ಆದರೆ ಬೆಂಗಳೂರಿನಲ್ಲಿ ಕೂತು ಬರೆದ ಪಠ್ಯದಲ್ಲಿ ಭಾರತವನ್ನು ಹಿಂದಿಯ ಒಂದೇ ಗೂಟಕ್ಕೆ ಕಟ್ಟಿದ್ದು ಏಕೆ ಎಂಬುದು ನನಗೆ ತಿಳಿಯಲಿಲ್ಲ. ತಮಿರುಗೊ, ತೆರುಗುಗೊ, ಕನ್ನದಗೊ ಎಲ್ಲವೂ ಜಪಾನಿಯಲ್ಲಿ ಸಲ್ಲುವ, ಅಚ್ಚಿನಲ್ಲಿ ಬರುವ ಹೆಸರುಗಳೇ. ನಮ್ಮ ಡಕಾರ ಅವರಲ್ಲಿಲ್ಲವಾದ್ದರಿಂದ ಅದು ದಕಾರವಾಗುತ್ತದೆ, ಲ ಮತ್ತು ಳ ಎರಡೂ ರಕಾರವಾಗುತ್ತವೆ. ಬೆಂಗಳೂರು ಬೆಂಗರೂರು, ಮಂಗಳೂರು ಮಂಗರೂರು, ನನ್ನ ಊರು ಚಿಕ್ಕಮಗರೂರು.

ಕನ್ನದಗೊ ಎಂದಾಗ ಬರುವ ತೊಡಕು ಒಂದೇ, ಮತ್ತು ಅದು ನಿಜವಾದ ತೊಡಕು. ಕೆನಡಾ ದೇಶಕ್ಕೆ ಜಪಾನಿಯಲ್ಲಿ ‘ಕನದ’ ಎನ್ನುತ್ತಾರೆ. ಕನ್ನದ, ಕನದ: ನಡುವೆ ಒಂದು ‘ನ್’ ಮಾತ್ರ ಅಂತರ. ತರಗತಿಯಲ್ಲಿ ನಾನು ಅವಸರದಿಂದ ಹೇಳಿದಾಗ ಆ್ಯಪ್ ನನ್ನ ಮಾತೃಭಾಷೆಯನ್ನು ಕೆನಡಾದ ಭಾಷೆ ಎಂದು ದಾಖಲಿಸಿಕೊಂಡಿತು. ಕೆನಡಾದವರಿಗೆ ಆ ಹೆಸರಿನ ಭಾಷೆಯೇ ಇಲ್ಲ, ಅವರದು ಏಗೊ ಮತ್ತು ಫುರನ್ಸುಗೊ. ಶಿಕ್ಷಕಿ ‘ನ್ ಅನ್ನು ಸ್ವಲ್ಪ ಒತ್ತಿ ಹೇಳಿ’ ಎಂದರು. ಒತ್ತಿದರೆ ಸಾಲದು, ಅಳತೆ ಬೇಕು. ಆ ಅಳತೆ ಹೈಸ್ಕೂಲಿನ ಛಂದಸ್ಸಿನ ಪಾಠದಲ್ಲಿ ನಮಗೆಲ್ಲ ಆಗಿಹೋಗಿದೆ. ಕನ್ನಡ ಎಂಬ ಪದಕ್ಕೆ ಪ್ರಸ್ತಾರ ಹಾಕಿದರೆ ಒಂದು ಗುರು, ಎರಡು ಲಘು, ಒಟ್ಟು ನಾಲ್ಕು ಮಾತ್ರೆ, ಭಗಣ. ಕನದ ಮೂರೂ ಲಘು, ಮೂರು ಮಾತ್ರೆ, ನಗಣ. ಜಪಾನಿಗಳು ಮಾತನ್ನು ಅಳೆಯುವುದು ಇದೇ ಮಾತ್ರೆಯಲ್ಲಿ: ಕ, ನ್, ನ, ದ ಎಂದು ನಾಲ್ಕು ಸಮನಾದ ಏಟುಗಳು, ಇನ್ನೊಂದಕ್ಕೆ ಮೂರು. ಶುಶ್ಶಿನ್ ಎಂಬುದು ಎರಡು ಗುರು, ನಾಲ್ಕು ಮಾತ್ರೆ. ತೋಕ್ಯೋ ಕೂಡ ಎರಡು ಗುರು, ನಾಲ್ಕು ಮಾತ್ರೆ. ಅವರ ಎಣಿಕೆಯೂ ನಾಲ್ಕೇ. ಯಮಾತಾರಾಜಭಾನಸಲಗಂ ಎಂದು ಬೆರಳು ಮಡಿಸಿ ಕಲಿತದ್ದು ಜೀವನದಲ್ಲಿ ಮೊದಲ ಸಲ ನನ್ನ ಉಪಯೋಗಕ್ಕೆ ಬಂದದ್ದು ಜಪಾನಿ ತರಗತಿಯಲ್ಲಿ. ಮೇಜಿನ ಮೇಲೆ ನಾಲ್ಕು ಸಲ ಬೆರಳು ತಟ್ಟಿಕೊಂಡು ಹೇಳಿದ ಮೇಲೆ ಆ ಒಸಾಕಾದ ಹಿರಿಯರು ಒಂದು ಸಲವೂ ಕೆನಡಾ ಎಂದು ಕೇಳಿಸಿಕೊಳ್ಳಲಿಲ್ಲ.

ಬರೆಯುವಾಗಲೂ ಇದೇ ಕಥೆ. ನಾನು ಬಳಸುವ ಕೀಲಿಮಣೆಯಲ್ಲಿ ರೋಮನ್ ಅಕ್ಷರಗಳನ್ನು ಒತ್ತಿದರೆ ಜಪಾನಿ ಅಕ್ಷರಗಳು ಮೂಡುತ್ತವೆ. ಎನ್ ಅಕ್ಷರವನ್ನು ಎರಡು ಸಲ ಒತ್ತಿದರೆ ಅದು ಒಂದು ಪೂರ್ತಿ ‘ನ್’ ಆಗಿ ಮುಗಿದುಹೋಗಿ, ಮುಂದಿನ ಸ್ವರ ಬೇರೆಯಾಗಿ ನಿಂತು ‘ಕನ್ಅದ’ ಎಂಬ ವಿಕಾರ ರೂಪ ಬರುತ್ತದೆ. ಕನ್ನದ ಎಂದು ಮೂಡಬೇಕಾದರೆ ಎನ್ ಅನ್ನು ಮೂರು ಸಲ ಒತ್ತಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ, ಒಂದು ಭಾನುವಾರದ ಬೆಳಗ್ಗೆ ಇದಕ್ಕೇ ಹೋಯಿತು.

ಮಾತೃಭಾಷೆ ಎಂಬುದಕ್ಕೆ ಪಠ್ಯ ಕೊಟ್ಟಿರುವ ಪದ ‘ಬೊಕೊಕುಗೊ’. ಆ ಪದವನ್ನು ಒಡೆದರೆ ತಾಯಿ, ದೇಶ, ಭಾಷೆ ಎಂಬ ಮೂರು ಭಾಗಗಳು ಸಿಗುತ್ತವೆ: ತಾಯ್ನಾಡಿನ, ಅಂದರೆ ದೇಶದ ಭಾಷೆ. ದೇಶಕ್ಕೊಂದೇ ಭಾಷೆ ಎಂಬ ನಂಬಿಕೆಯ ಮೇಲೆ ನಿಂತ ಪದ ಅದು. ಜಪಾನಿನ ಶಾಲೆಗಳಲ್ಲಿ ಅವರ ಭಾಷೆಯ ಪಾಠವನ್ನು ನಿಹೊಂಗೊ ಎನ್ನದೆ ‘ಕೊಕುಗೊ’, ದೇಶಭಾಷೆ, ಎಂದೇ ಕರೆಯುವುದೂ ಇದೇ ಬಗೆಯದು. ನಮಗೆ ಹೊಂದುವ ಪದ ‘ಬೊಗೊ’, ತಾಯಿ ಮತ್ತು ಭಾಷೆ, ನಡುವೆ ದೇಶವಿಲ್ಲ. ಅದು ಅಕ್ಷರಶಃ ನಮ್ಮ ಮಾತೃಭಾಷೆಯೇ. ಭಾರತದಲ್ಲಿ ಭಾರತೀಯರಿಗೆ ಕಲಿಸುವ ಪಠ್ಯದಲ್ಲಿ ಮೊದಲು ಇರಬೇಕಾದ ಪದ ಇದಾಗಿತ್ತು. ಅರ್ಜಿ ನಮೂನೆಗಳಲ್ಲಿ ಕಾಣುವ ‘ಕೊಕುಸೆಕಿ’, ಅಂದರೆ ಕಾನೂನಿನ ಲೆಕ್ಕದ ರಾಷ್ಟ್ರೀಯತೆ, ಶುಶ್ಶಿನ್‌ಗಿಂತ ಬೇರೆ ಎಂಬುದನ್ನು ಪಠ್ಯ ಸರಿಯಾಗಿಯೇ ವಿವರಿಸಿದೆ.

ಜಿನ್ ಎಂದರೆ ರಾಷ್ಟ್ರೀಯತೆ ಎಂಬ ಸೂತ್ರ ಕೂಡ ಪೂರ್ತಿ ನಿಲ್ಲುವುದಿಲ್ಲ. ದೇಶವಿಲ್ಲದ ಜನಾಂಗಕ್ಕೂ ಅದು ಹತ್ತುತ್ತದೆ, ತಮಿರುಜಿನ್ ಎಂಬಂತೆ. ಒಸಾಕಾ, ಕ್ಯೋತೋ ಇರುವ ಸೀಮೆಯವರು ತಮ್ಮನ್ನು ‘ಕನ್ಸೈಜಿನ್’ ಎಂದು ಸ್ವಲ್ಪ ಹೆಮ್ಮೆಯಿಂದಲೇ ಕರೆದುಕೊಳ್ಳುತ್ತಾರೆ. ಹಳೆಯ ತೋಕ್ಯೋದ ಮಣ್ಣಿನ ಮಕ್ಕಳಿಗೆ ಜಿನ್ ಇಲ್ಲ, ‘ಎದೊಕ್ಕೊ’ ಎಂಬ ಬೇರೆಯೇ ಹೆಸರು. ಬೇರೆ ದೇಶದ ಪ್ರಜೆಯಾಗಿದ್ದು ಜಪಾನಿ ಮೂಲದವರಾದರೆ ನಿಕ್ಕೇಜಿನ್. ಆರಂಭಿಕ ತರಗತಿಯಲ್ಲಿ ಇಷ್ಟೆಲ್ಲ ನಿರೀಕ್ಷಿಸುವುದು ಅತಿಯಾಗಬಹುದು, ಒಪ್ಪುತ್ತೇನೆ. ಆದರೆ ಕಾರ್ಖಾನೆಗಳ ನಡುವಿನ ಊರಿನಲ್ಲಿ ಪಾಠ ಮಾರುವವರು ವಸ್ತುಗಳ ಮೂಲವನ್ನು ಹೇಳುವ ‘ಸೇ’ ಮತ್ತು ‘ಸನ್’ ಪ್ರತ್ಯಯಗಳನ್ನು ಬಿಟ್ಟದ್ದು ಒಪ್ಪತಕ್ಕದ್ದಲ್ಲ. ತಯಾರಾದ ವಸ್ತುವಿಗೆ ಸೇ, ನೆಲದಲ್ಲಿ ಬೆಳೆದದ್ದಕ್ಕೆ ಸನ್: ನಮ್ಮ ಬೋಲ್ಟು ‘ಇಂದೊಸೇ’, ನಮ್ಮ ಕಾಫಿ ‘ಇಂದೊಸನ್’. ದಿನಕ್ಕೆ ಹತ್ತು ಸಲ ಬಿಡಿಭಾಗಗಳ ಪೆಟ್ಟಿಗೆಯ ಮೇಲೆ ನನ್ನ ಕಣ್ಣಿಗೆ ಬೀಳುವ ಅಕ್ಷರಗಳು ನಾಲ್ಕು ತಿಂಗಳ ಪಾಠದಲ್ಲಿ ಒಮ್ಮೆಯೂ ಬರಲಿಲ್ಲ.

ಆ ಹಿರಿಯರು ಹಿಂದಿರುಗುವ ದಿನ ನಾನು ಊರಿನಿಂದ ತರಿಸಿದ ಕಾಫಿ ಪುಡಿಯ ಪೊಟ್ಟಣವನ್ನು ಕೊಟ್ಟೆ. ಅವರು ಅದನ್ನು ಎತ್ತಿಹಿಡಿದು ‘ಇಂದೊಸನ್’ ಎಂದು ತಲೆಬಾಗಿದರು. ಮನುಷ್ಯರ ಹೆಸರಿಗೆ ಹಚ್ಚುವ ಗೌರವದ ‘ಸನ್’ ಕೂಡ ಕಿವಿಗೆ ಇದೇ ಆದ್ದರಿಂದ ಅವರು ನನ್ನನ್ನು ‘ಇಂಡಿಯಾ ಅವರೇ’ ಎಂದು ಕರೆಯುತ್ತಿದ್ದಾರೆಂದು ಭಾವಿಸಿ ನಾನೂ ಬಾಗಿದೆ. ದುಭಾಷಿ ಬಿಡಿಸಿ ಹೇಳಿದ ಮೇಲೆ, ಬರೀ ಇಂದೊ ಅಲ್ಲ, ಚಿಕ್ಕಮಗರೂರು ಎಂದು ತಿದ್ದಿದೆ. ಅವರಿಗೆ ಆ ಹೆಸರನ್ನು ಹೇಳಲು ಮೂರು ಪ್ರಯತ್ನ ಬೇಕಾದವು. ಬೆಂಗರೂರು, ಮಂಗರೂರು, ಚಿಕ್ಕಮಗರೂರು ಎಂದು ಒಂದರ ಹಿಂದೆ ಒಂದನ್ನು ಹೇಳಿ ಮೊದಲ ಸಲ ಗಟ್ಟಿಯಾಗಿ ನಕ್ಕರು.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ; ಎನ್ 5 ಮಾತ್ರ ಗುರಿಯಾದರೆ ಈ ತರಗತಿ 14,000 ರೂಪಾಯಿಗೆ ಯೋಗ್ಯವಾಗಿದೆ, ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನನ್ನಂತೆ ಜಪಾನಿನವರೊಂದಿಗೆ ಕೂತು ಮಾತಾಡಬೇಕೆಂದು ಸೇರುವವರಿಗೆ ಎರಡೂವರೆ. ಅಂಥವರು ಪಾಠಗಳನ್ನು ಕೇಳಲಿ, ಧ್ವನಿಮುದ್ರಿಕೆಗಳನ್ನು ಬಳಸಲಿ, ಆದರೆ ಪಠ್ಯದ ಇಂಗ್ಲಿಷ್ ವಿವರಣೆಯ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ, ಕನ್ನಡ ವಾಕ್ಯದ ಕ್ರಮದಲ್ಲಿ ಬರೆದುಕೊಳ್ಳಲಿ, ನನಿಜಿನ್ ಎಂಬ ಪ್ರಶ್ನೆಯನ್ನು ಯಾರಿಗೂ ಕೇಳದಿರಲಿ. ಆ್ಯಪಿಗೆ ಒಂದೂವರೆಗಿಂತ ಹೆಚ್ಚು ಕೊಡಲಾರೆ. ಎರಡನೆಯ ಪಾಠದ ತಪ್ಪುಗಳನ್ನು ಪಟ್ಟಿ ಮಾಡಿ ಸಂಸ್ಥೆಗೆ ಮಿಂಚಂಚೆ ಕಳುಹಿಸಿದ್ದೆ. ಮರುದಿನವೇ ಸೌಜನ್ಯದ ಉತ್ತರ ಬಂತು, ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುವುದಾಗಿ ತಿಳಿಸಿದರು. ಆ ನಂತರ ಆ್ಯಪ್ ಎರಡು ಬಾರಿ ನವೀಕರಣಗೊಂಡಿದೆ. ನೀವು ಯಾವ ಭಾಷೆ ಆಡುತ್ತೀರಿ ಎಂಬ ಪ್ರಶ್ನೆಗೆ ಕನ್ನದಗೊ ಎಂದು ಬರೆದರೆ ನಿನ್ನೆಯೂ ಕೆಂಪು ಗುರುತೇ ಬಂತು, ಕೆಳಗೆ ಸರಿಯುತ್ತರವಾಗಿ ಹಿಂದೀಗೊ ಎಂದಿತ್ತು.